ಚುನಾವಣೆಯಲ್ಲಿ ಗೆಲ್ಲಿಸುವುದು ಯಾವುದು?

ಮತಗಳ ಎಣಿಕೆ ಮುಗಿದ ಮರುದಿನ ನಮ್ಮ ಊರುಗಳ ಕಟ್ಟೆಯ ಮೇಲೆ ಪಂಡಿತರಿಗೆ ಕೊರತೆಯಿರುವುದಿಲ್ಲ. ಗೆದ್ದವನು ಹಣ ಚೆಲ್ಲಿ ಗೆದ್ದನೆಂದು ಒಬ್ಬರು, ಜಾತಿಯ ಬಲದಿಂದ ಗೆದ್ದನೆಂದು ಇನ್ನೊಬ್ಬರು, ಪಕ್ಷದ ಗಾಳಿ ಬೀಸಿತೆಂದು ಮತ್ತೊಬ್ಬರು, ಆ ಕ್ಷೇತ್ರದ ಮಣ್ಣಿನ ಗುಣವೇ ಹಾಗೆಂದು ನಾಲ್ಕನೆಯವರು ಹೇಳುತ್ತಾರೆ. ಫಲ ತಿಳಿದ ಮೇಲೆ ಕಾರಣ ಹೇಳುವುದು ಸುಲಭ. ಕಲ್ಲು ಕೆಳಗೆ ಬಿದ್ದುದನ್ನು ಕಂಡು, ‘ಅದಕ್ಕೆ ಬೀಳುವ ಗುಣವಿತ್ತು, ಆದುದರಿಂದ ಬಿತ್ತು’ ಎಂದರೆ ಅದು ಭೌತಶಾಸ್ತ್ರವಾಗಲಾರದು. ಎಷ್ಟು ಎತ್ತರದಿಂದ, ಎಷ್ಟು ಹೊತ್ತಿನಲ್ಲಿ, ಯಾವ ಬಲಕ್ಕೊಳಗಾಗಿ ಬಿತ್ತೆಂದು ಅಳೆಯತೊಡಗಿದಾಗಲೇ ಶಾಸ್ತ್ರದ ಆರಂಭ.

ವಿಜ್ಞಾನದ ಪತ್ರಿಕೆಯಲ್ಲಿ ಚುನಾವಣೆಯ ಮಾತೇಕೆ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಯಾವ ಪಕ್ಷ ಒಳ್ಳೆಯದೆಂಬ ವಾದಕ್ಕೆ ಇಲ್ಲಿ ಸ್ಥಳವಿಲ್ಲವೆಂಬುದು ನಿಜ. ಆದರೆ ಮತವೆಂಬುದು ಎಣಿಸಲು ಬರುವ ವಸ್ತು. ಎಣಿಸಲು ಬರುವುದೆಲ್ಲವೂ ವಿಜ್ಞಾನದ ದೃಷ್ಟಿಗೆ ಒಳಪಡತಕ್ಕದ್ದೇ. ಅಲ್ಲದೆ ಈ ಪುಟಗಳನ್ನು ಓದುವ ತರುಣ ತರುಣಿಯರಲ್ಲಿ ಬಹುಮಂದಿ ಬೇಗನೆ ಮತದಾರರಾಗಲಿರುವವರು. ಆಡುವ ಆಟದ ನಿಯಮವನ್ನು ತಿಳಿಯದೆ ಆಟಕ್ಕಿಳಿಯುವುದು ಜಾಣತನವಲ್ಲ.

ಮೊದಲು ಎಲ್ಲರೂ ನಂಬಿರುವ ಒಂದು ಮಾತನ್ನು ಪರೀಕ್ಷಿಸೋಣ. ಹೆಚ್ಚು ಮತ ಪಡೆದ ಪಕ್ಷವೇ ಹೆಚ್ಚು ಸ್ಥಾನ ಗೆಲ್ಲುತ್ತದೆ ಎಂಬುದೇ ಆ ಮಾತು. ಕರ್ನಾಟಕದ ವಿಧಾನಸಭೆಯ ಲೆಕ್ಕವನ್ನು ತೆಗೆದು ನೋಡಿದರೆ ಇದು ಅನೇಕ ಸಲ ಸುಳ್ಳಾಗಿರುವುದು ಕಾಣುತ್ತದೆ. 2004ರಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ ಸುಮಾರು 35 ಮತಗಳೂ ಭಾರತೀಯ ಜನತಾ ಪಕ್ಷಕ್ಕೆ ಸುಮಾರು 28 ಮತಗಳೂ ದೊರೆತುವು. ಆದರೆ ಸ್ಥಾನಗಳು ಕ್ರಮವಾಗಿ 65 ಮತ್ತು 79. 2008ರಲ್ಲಿಯೂ ಕಾಂಗ್ರೆಸ್ಸಿನ ಮತಗಳೇ ಒಂದಿಷ್ಟು ಹೆಚ್ಚಾಗಿದ್ದುವು; ಆದರೂ ಅದಕ್ಕೆ 80 ಸ್ಥಾನಗಳು, ಭಾರತೀಯ ಜನತಾ ಪಕ್ಷಕ್ಕೆ 110. 2018ರ ಮೇ ತಿಂಗಳಲ್ಲಿ ಮತದಾನ ನಡೆದ 222 ಕ್ಷೇತ್ರಗಳಲ್ಲಿ ಕಾಂಗ್ರೆಸ್ಸು ನೂರಕ್ಕೆ ಸುಮಾರು 38 ಮತ ಪಡೆದು 78 ಸ್ಥಾನಗಳನ್ನೂ, ಭಾರತೀಯ ಜನತಾ ಪಕ್ಷವು ಸುಮಾರು 36 ಮತ ಪಡೆದು 104 ಸ್ಥಾನಗಳನ್ನೂ ಗಳಿಸಿದುವು. ಐದು ಚುನಾವಣೆಗಳ ಅವಧಿಯಲ್ಲಿ ಮೂರು ಸಲ ಹೀಗಾಯಿತೆಂದರೆ ಇದನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಇದರ ರಹಸ್ಯವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಮೂರು ಕ್ಷೇತ್ರಗಳಿವೆ, ಒಂದೊಂದರಲ್ಲಿ ನೂರು ಮತಗಳಿವೆ ಎಂದು ಭಾವಿಸಿರಿ. ಒಂದು ಪಕ್ಷಕ್ಕೆ ಅನುಕ್ರಮವಾಗಿ 51, 51 ಮತ್ತು 10 ಮತಗಳು. ಎದುರಾಳಿಗೆ 49, 49 ಮತ್ತು 90. ಮೊದಲನೆಯ ಪಕ್ಷದ ಒಟ್ಟು ಮತ 112, ಎರಡನೆಯದರ ಒಟ್ಟು 188. ಆದರೂ ಮೊದಲನೆಯ ಪಕ್ಷಕ್ಕೆ ಎರಡು ಸ್ಥಾನ, ಎರಡನೆಯದಕ್ಕೆ ಒಂದೇ ಸ್ಥಾನ! ಮೋಸವೇನೂ ನಡೆದಿಲ್ಲ. ಒಂದು ಕ್ಷೇತ್ರದಲ್ಲಿ ಯಾರಿಗೆ ಉಳಿದ ಪ್ರತಿಯೊಬ್ಬರಿಗಿಂತಲೂ ಒಂದು ಮತ ಹೆಚ್ಚೋ ಅವನೇ ಗೆದ್ದವನು ಎಂಬ ನಮ್ಮ ನಿಯಮದ ಫಲವಿದು. ಗೆಲ್ಲಲು ಬೇಕಾದುದಕ್ಕಿಂತ ಹೆಚ್ಚಾಗಿ ಬಂದ ಮತವೂ ಸೋತ ಉಮೇದುವಾರನಿಗೆ ಬಿದ್ದ ಮತವೂ ಸ್ಥಾನಗಳ ಲೆಕ್ಕದಲ್ಲಿ ಒಂದೇ: ಎರಡೂ ವ್ಯರ್ಥ.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಒತ್ತಡವೆಂಬುದು ಬಲವೊಂದನ್ನೇ ಅವಲಂಬಿಸಿದುದಲ್ಲ. ಆ ಬಲವು ಎಷ್ಟು ವಿಸ್ತೀರ್ಣದ ಮೇಲೆ ಹರಡಿದೆ ಎಂಬುದನ್ನೂ ಅವಲಂಬಿಸಿದೆ. ಅಂಗೈಯಿಂದ ಎಷ್ಟು ಒತ್ತಿದರೂ ಜಗ್ಗದ ಹಲಗೆಯೊಳಕ್ಕೆ ಅದೇ ಬಲದಿಂದ ಗುಂಡುಸೂಜಿ ಇಳಿದು ಹೋಗುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಬಹುಜನ ಸಮಾಜ ಪಕ್ಷಕ್ಕೆ ದೇಶದ ಮತಗಳಲ್ಲಿ ನೂರಕ್ಕೆ 4ಕ್ಕಿಂತ ಹೆಚ್ಚು ಪಾಲು ಬಂದಿತು. ಸ್ಥಾನ ಒಂದೂ ಬರಲಿಲ್ಲ. ಅದೇ ಚುನಾವಣೆಯಲ್ಲಿ ಅಣ್ಣಾ ದ್ರಾವಿಡ ಮುನ್ನೇತ್ರ ಕಳಗಕ್ಕೆ ಬಂದ ಪಾಲು ಅದಕ್ಕಿಂತ ಕಡಮೆ, ನೂರಕ್ಕೆ ಸುಮಾರು 3.3, ಸ್ಥಾನಗಳು ಮಾತ್ರ 37. ಒಂದು ಪಕ್ಷದ ಬಲವು ದೇಶದಗಲ ಹರಡಿತ್ತು, ಇನ್ನೊಂದರದು ತಮಿಳುನಾಡಿನಲ್ಲಿ ಕೂಡಿತ್ತು. ಆದರೆ ಸೂಜಿಯ ಉಪಮಾನಕ್ಕೂ ಒಂದು ಮಿತಿಯುಂಟು: ಮೇಲಿನ ಲೆಕ್ಕದ 90 ಮತಗಳಂತೆ ಒಂದೇ ಕಡೆಯಲ್ಲಿ ಅತಿಯಾಗಿ ಕೂಡಿದರೂ ನಷ್ಟವೇ. ಹದವಾಗಿ ಹರಡಿರಬೇಕು. ನಮ್ಮ ಇಳಕಲ್ಲಿನ ನೇಕಾರರನ್ನು ಕೇಳಿದರೆ, ಸೀರೆಯ ಬೆಲೆ ನೂಲಿನ ತೂಕದಿಂದಲೇ ನಿರ್ಣಯವಾಗುವುದಿಲ್ಲ, ಆ ನೂಲು ಎಲ್ಲಿ ಹೇಗೆ ಕೂಡಿದೆ ಎಂಬುದರಿಂದ ನಿರ್ಣಯವಾಗುತ್ತದೆ ಎಂದು ಹೇಳಿಯಾರು.

ಗೆಲುವಿನ ಎರಡನೆಯ ಕಾರಣವು ಗೆದ್ದವನಲ್ಲಿ ಇರುವುದೇ ಇಲ್ಲ, ಎದುರಾಳಿಗಳಲ್ಲಿ ಇರುತ್ತದೆ. 2008ರಿಂದ 2013ಕ್ಕೆ ಕಾಂಗ್ರೆಸ್ಸಿನ ಮತಗಳ ಪಾಲು ನೂರಕ್ಕೆ ಸುಮಾರು 34.8ರಿಂದ 36.6ಕ್ಕೆ ಏರಿತು. ಈ ಎರಡು ಅಂಶಗಳಷ್ಟೂ ಇಲ್ಲದ ಏರಿಕೆಗೆ ಅದರ ಸ್ಥಾನಗಳು 80ರಿಂದ 122ಕ್ಕೆ ಹಾರಿದುವು. ಏಕೆಂದರೆ ಭಾರತೀಯ ಜನತಾ ಪಕ್ಷವು ಅಷ್ಟರಲ್ಲಿ ಒಡೆದಿತ್ತು. ಬಿ. ಎಸ್. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷವು ನೂರಕ್ಕೆ ಸುಮಾರು 10 ಮತಗಳನ್ನು ಪಡೆದು 6 ಸ್ಥಾನಗಳನ್ನು ಮಾತ್ರ ಗೆದ್ದಿತು. ಮೂಲ ಪಕ್ಷವು ಸುಮಾರು 20 ಮತಗಳೊಡನೆ 40 ಸ್ಥಾನಗಳಿಗೆ ಇಳಿಯಿತು. ಒಂದು ಬಂಡಿಯನ್ನು ಒಂದೇ ದಿಕ್ಕಿಗೆ ಎಳೆಯುತ್ತಿದ್ದ ಜೋಡೆತ್ತುಗಳು ಬೇರೆ ಬೇರೆ ದಿಕ್ಕಿಗೆ ಎಳೆದರೆ ಬಂಡಿ ನಿಂತಲ್ಲಿಯೇ ನಿಲ್ಲುತ್ತದೆ; ಎತ್ತುಗಳ ಬಲ ಕಡಮೆಯಾಯಿತೆಂದು ಹೇಳಲಾಗದು.

ಇದಕ್ಕಿಂತಲೂ ವಿಚಿತ್ರವಾದುದು 2023ರ ಫಲಿತಾಂಶ. 2018ರಲ್ಲಿ ಸುಮಾರು 36 ಪಾಲು ಮತ ಪಡೆದು 104 ಸ್ಥಾನಗಳನ್ನು ಗೆದ್ದಿದ್ದ ಭಾರತೀಯ ಜನತಾ ಪಕ್ಷವು 2023ರಲ್ಲಿಯೂ ಸುಮಾರು 36 ಪಾಲು ಮತವನ್ನೇ ಪಡೆಯಿತು. ಸ್ಥಾನಗಳು ಮಾತ್ರ 66ಕ್ಕೆ ಕುಸಿದುವು. ಬದಲಾದುದು ಉಳಿದೆರಡು ಪಕ್ಷಗಳ ಪಾಲು. ಜಾತ್ಯತೀತ ಜನತಾದಳವು 18ರಿಂದ 13ಕ್ಕೆ ಇಳಿಯಿತು, ಕಾಂಗ್ರೆಸ್ಸು 38ರಿಂದ 43ರ ಸಮೀಪಕ್ಕೆ ಏರಿ 135 ಸ್ಥಾನಗಳನ್ನು ಗೆದ್ದಿತು. ಯಾವ ಮತದಾರನು ಯಾರನ್ನು ಬಿಟ್ಟು ಯಾರನ್ನು ಸೇರಿದನೆಂಬುದನ್ನು ಈ ಮೊತ್ತಗಳಿಂದ ತಿಳಿಯಲಾಗದು. ಆದರೆ ತನ್ನ ಮತಗಳನ್ನು ಹೆಚ್ಚು ಕಡಮೆ ಹಾಗೆಯೇ ಉಳಿಸಿಕೊಂಡ ಪಕ್ಷವೊಂದು ಅಧಿಕಾರವನ್ನು ಕಳೆದುಕೊಳ್ಳಬಹುದೆಂಬುದಂತೂ ಸ್ಪಷ್ಟವಾಗಿದೆ.

ಮತಕ್ಕೂ ಸ್ಥಾನಕ್ಕೂ ನಿಯಮವೊಂದನ್ನು ಕಂಡುಹಿಡಿಯಲು ಪ್ರಯತ್ನ ನಡೆಯದಿರಲಿಲ್ಲ. 1950ರಲ್ಲಿ ಕೆಂಡಲ್ ಮತ್ತು ಸ್ಟುವರ್ಟ್ ಎಂಬ ಸಂಖ್ಯಾಶಾಸ್ತ್ರಜ್ಞರು ಬ್ರಿಟನ್ನಿನ ಫಲಿತಾಂಶಗಳನ್ನು ಪರಿಶೀಲಿಸಿ ‘ಘನ ನಿಯಮ’ವೊಂದನ್ನು ವಿವರಿಸಿದರು. ಎರಡು ಪಕ್ಷಗಳ ಮತಗಳ ಅನುಪಾತವನ್ನು ಘನಕ್ಕೇರಿಸಿದರೆ ಸ್ಥಾನಗಳ ಅನುಪಾತ ದೊರೆಯುತ್ತದೆಂಬುದೇ ಆ ನಿಯಮ. ನಮ್ಮ 2023ರ ಅಂಕಿಗಳಿಗೆ ಇದನ್ನು ಅನ್ವಯಿಸಿದರೆ ಮತಗಳ ಅನುಪಾತ ಸುಮಾರು 1.19, ಅದರ ಘನ ಸುಮಾರು 1.7, ನಿಜವಾದ ಸ್ಥಾನಗಳ ಅನುಪಾತವಾದರೋ 2ಕ್ಕಿಂತ ಹೆಚ್ಚು. 2018ರ ಅಂಕಿಗಳಿಗೆ ಅನ್ವಯಿಸಿದರೆ ಗೆದ್ದವರೇ ತಲೆಕೆಳಗಾಗುತ್ತಾರೆ. ಉಷ್ಣತೆ ಸ್ಥಿರವಾಗಿದ್ದರೆ ಮಾತ್ರ ಬಾಯ್ಲನ ನಿಯಮ ನಡೆಯುವಂತೆ, ಎರಡೇ ಪ್ರಬಲ ಪಕ್ಷಗಳಿರುವಲ್ಲಿ ಮಾತ್ರ ಘನ ನಿಯಮಕ್ಕೆ ಬೆಲೆ. ಮೂರನೆಯ ಪಕ್ಷವು ಬಲವಾಗಿರುವ ನಾಡಿನಲ್ಲಿ ಅದು ಸೋಲುವುದು ಸಹಜ.

ಇನ್ನು ‘ಮಣ್ಣಿನ ಗುಣ’ದ ಮಾತು. ಗದಗ ಜಿಲ್ಲೆಯ ಶಿರಹಟ್ಟಿಯಲ್ಲಿ ಗೆದ್ದ ಪಕ್ಷವೇ ರಾಜ್ಯವನ್ನಾಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹುಕಾಲ ಪ್ರಚಾರದಲ್ಲಿತ್ತು. 2023ರಲ್ಲಿ ಅಲ್ಲಿ ಭಾರತೀಯ ಜನತಾ ಪಕ್ಷವು ಗೆದ್ದು ಬೆಂಗಳೂರಿನಲ್ಲಿ ಕಾಂಗ್ರೆಸ್ ಸರಕಾರ ಬಂದಾಗ ಆ ನಂಬಿಕೆ ಮುರಿಯಿತು. ಹಾಗಾದರೆ ಆ ಗೌರವವನ್ನು ನಮ್ಮ ಮರೋಳ ಸೇರಿರುವ ಹುನಗುಂದ ಕ್ಷೇತ್ರಕ್ಕೆ ಕೊಡೋಣವೆ? 2008 ಮತ್ತು 2018ರಲ್ಲಿ ಇಲ್ಲಿ ಭಾರತೀಯ ಜನತಾ ಪಕ್ಷ, 2013 ಮತ್ತು 2023ರಲ್ಲಿ ಕಾಂಗ್ರೆಸ್ ಗೆದ್ದಿವೆ. ನಾಲ್ಕು ಸಲವೂ ರಾಜ್ಯದಲ್ಲಿ ಅತಿ ಹೆಚ್ಚು ಸ್ಥಾನ ಪಡೆದ ಪಕ್ಷವೇ ಇಲ್ಲಿಯೂ ಗೆದ್ದಿದೆ! ಉಬ್ಬುವ ಮೊದಲು ಒಂದು ಲೆಕ್ಕ ಮಾಡೋಣ. ಪ್ರತಿಯೊಂದು ಕ್ಷೇತ್ರವೂ ನಾಣ್ಯ ಚಿಮ್ಮಿ ಎರಡರಲ್ಲೊಂದು ಪಕ್ಷವನ್ನು ಆರಿಸುತ್ತದೆ ಎಂದುಕೊಂಡರೂ, ನಾಲ್ಕು ಸಲವೂ ರಾಜ್ಯದ ಫಲಕ್ಕೆ ಹೊಂದುವ ಸಂಭವ ಹದಿನಾರರಲ್ಲೊಂದು. 224 ಕ್ಷೇತ್ರಗಳಲ್ಲಿ ಹದಿನಾಲ್ಕು ಕ್ಷೇತ್ರಗಳು ಕೇವಲ ಆಕಸ್ಮಿಕವಾಗಿಯೇ ಈ ಕೀರ್ತಿಯನ್ನು ಪಡೆಯಬಹುದು. ರಾಜ್ಯದ ಒಲವು ಕ್ಷೇತ್ರಗಳ ಒಲವಿನಿಂದಲೇ ಆದುದರಿಂದ ನಿಜವಾದ ಸಂಖ್ಯೆ ಇನ್ನೂ ಹೆಚ್ಚಾಗಿರಬೇಕು. ಹದಿನಾಲ್ಕು ಮಂದಿಯಲ್ಲಿ ಒಬ್ಬನನ್ನು ಹಿಡಿದು ಭವಿಷ್ಯವಾದಿಯೆಂದು ಪಲ್ಲಕ್ಕಿಯಲ್ಲಿ ಕೂರಿಸುವುದು ಲೆಕ್ಕ ಬಾರದವರ ಕೆಲಸ.

ಹಣದ ವಿಷಯಕ್ಕೆ ಬರೋಣ. ಗೆದ್ದವರು ಹೆಚ್ಚು ಖರ್ಚು ಮಾಡಿದ್ದರೆಂಬುದು ನಿಜವಾದರೂ ಖರ್ಚೇ ಗೆಲ್ಲಿಸಿತೆಂದು ಸಿದ್ಧವಾಗುವುದಿಲ್ಲ. ವಾಯುಭಾರಮಾಪಕದ ಪಾದರಸ ಇಳಿದ ಮೇಲೆ ಮಳೆ ಬರುತ್ತದೆ. ಪಾದರಸ ಇಳಿದುದರಿಂದ ಮಳೆ ಬಂದಿತೆಂದು ಯಾರೂ ಹೇಳುವುದಿಲ್ಲ. ಗೆಲ್ಲುವ ಸಂಭವವಿದ್ದವನ ಬಳಿಗೇ ಹಣವೂ ಹರಿದು ಬರುತ್ತದೆಂಬುದನ್ನು ಮರೆಯಬಾರದು. ನಮ್ಮಂಥ ದೊಡ್ಡ ರಾಜ್ಯಗಳಲ್ಲಿ ವಿಧಾನಸಭೆಯ ಉಮೇದುವಾರನು ಖರ್ಚು ಮಾಡಬಹುದಾದ ಮೊತ್ತಕ್ಕೆ 2022ರಲ್ಲಿ 40 ಲಕ್ಷ ರೂಪಾಯಿಗಳ ಮಿತಿಯನ್ನು ಗೊತ್ತುಪಡಿಸಲಾಯಿತು. ಪಕ್ಷದ ಖರ್ಚಿಗೆ ಮಾತ್ರ ಕಾನೂನಿನಲ್ಲಿ ಮಿತಿಯಿಲ್ಲ. ಒಂದು ಬಾಗಿಲಿಗೆ ಅಗುಳಿ ಹಾಕಿ ಪಕ್ಕದ ಬಾಗಿಲನ್ನು ತೆರೆದಿಟ್ಟಂತಾಯಿತು ಇದು. ಜಾತಿಯ ವಿಷಯವೂ ಹೀಗೆಯೇ. ಒಂದೇ ಜಾತಿಯ ಮತಗಳಿಂದ ಗೆಲ್ಲಬಹುದಾದ ಕ್ಷೇತ್ರಗಳು ವಿರಳ. ಎಲ್ಲ ಪಕ್ಷಗಳೂ ಒಂದೇ ಲೆಕ್ಕ ಹಾಕಿ ಒಂದೇ ಬಗೆಯ ಉಮೇದುವಾರರನ್ನು ನಿಲ್ಲಿಸಿದಾಗ ಸಮೀಕರಣದ ಎರಡು ಕಡೆಗಳಲ್ಲೂ ಇರುವ ಪದದಂತೆ ಅದು ಕಳೆದುಹೋಗುತ್ತದೆ. ಆಗ ನಿರ್ಣಯಿಸುವುದು ಉಳಿದ ಪದಗಳು.

ಕಾರಣವನ್ನು ಕಂಡುಹಿಡಿಯಲು ವಿಜ್ಞಾನಕ್ಕೆ ತಿಳಿದಿರುವ ಉತ್ತಮ ಮಾರ್ಗ ಪ್ರಯೋಗ. ಅಮೆರಿಕದ ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ವಿದ್ವಾಂಸರು 1998ರಲ್ಲಿ ನ್ಯೂ ಹೇವನ್ ನಗರದಲ್ಲಿ ಸುಮಾರು 30,000 ಮತದಾರರನ್ನು ಚೀಟಿಯೆತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರ ಮನೆಗೆ ಹೋಗಿ, ಕೆಲವರಿಗೆ ಪತ್ರ ಬರೆದು, ಕೆಲವರೊಡನೆ ದೂರವಾಣಿಯಲ್ಲಿ ಮಾತನಾಡಿ, ಮತ ಹಾಕಿರೆಂದು ಪ್ರಾರ್ಥಿಸಿ ಪರೀಕ್ಷಿಸಿದರು. ಮುಖಾಮುಖಿಯಾಗಿ ಮಾತನಾಡಿಸಿದವರಲ್ಲಿ ಮತದಾನವು ನೂರಕ್ಕೆ ಎಂಟೊಂಬತ್ತು ಅಂಶದಷ್ಟು ಏರಿತು. ಪತ್ರದಿಂದ ಆದ ಪರಿಣಾಮ ಅತ್ಯಲ್ಪ. ದೂರವಾಣಿಯಿಂದ ಏನೂ ಆಗಲಿಲ್ಲ. 2006ರಲ್ಲಿ ಮಿಷಿಗನ್ ರಾಜ್ಯದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ, ನೆರೆಹೊರೆಯವರಲ್ಲಿ ಯಾರು ಹಿಂದೆ ಮತ ಹಾಕಿದ್ದರು, ಯಾರು ಹಾಕಿರಲಿಲ್ಲ ಎಂಬುದನ್ನು ಬರೆದು ತಿಳಿಸಿದ ಮನೆಗಳಲ್ಲಿ ಮತದಾನವು ನೂರಕ್ಕೆ ಸುಮಾರು 30ರಿಂದ 38ಕ್ಕೆ ಏರಿತು. ನೆರೆಯವರ ಕಣ್ಣಿಗಿರುವ ಬಲ ಅಷ್ಟು! ಆದರೆ 2018ರಲ್ಲಿ ಜೋಶುವಾ ಕಲ್ಲಾ ಮತ್ತು ಡೇವಿಡ್ ಬ್ರೂಕ್ಮನ್ ಎಂಬುವರು 49 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಲ್ಲಿಯ ಸಾರ್ವತ್ರಿಕ ಚುನಾವಣೆಗಳಲ್ಲಿ ಪ್ರಚಾರವು ಮತದಾರನ ಆಯ್ಕೆಯನ್ನೇ ಬದಲಾಯಿಸುವುದು ಸರಾಸರಿಯಲ್ಲಿ ಶೂನ್ಯಕ್ಕೆ ಸಮೀಪವೆಂದು ಕಂಡುಬಂದಿತು.

ಅಮೆರಿಕದ ಅಂಕಿಗಳನ್ನು ಹಾಗೆಯೇ ತಂದು ಹುನಗುಂದಕ್ಕೆ ಅಂಟಿಸಲಾಗದು. ನಮ್ಮ ರಾಜ್ಯದಲ್ಲಿ ವಿಧಾನಸಭೆಯ ಚುನಾವಣೆಗೆ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನ ಮತಗಟ್ಟೆಗೆ ಬರುತ್ತಾರೆ. ಆದರೂ ಈ ಪ್ರಯೋಗಗಳಿಂದ ತಿಳಿಯತಕ್ಕ ನೀತಿಯೊಂದುಂಟು. ಧ್ವನಿವರ್ಧಕಗಳ ಗದ್ದಲವೂ ಮೆರವಣಿಗೆಯ ಉದ್ದವೂ ಪರರ ಮನಸ್ಸನ್ನು ತಿರುಗಿಸುವುದು ಕಡಮೆ. ತನ್ನವರನ್ನು ಮನೆಯಿಂದ ಹೊರಡಿಸಿ ಮತಗಟ್ಟೆಯವರೆಗೆ ತರಬಲ್ಲ, ಹೆಸರು ಹಿಡಿದು ಕರೆಯಬಲ್ಲ ಪರಿಚಿತನ ಮಾತಿಗೆ ಬಲ ಹೆಚ್ಚು. ಕಡೆಯ ಗಳಿಗೆಯಲ್ಲಿ ಗೆಲ್ಲಿಸುವುದು ಇದೇ.

ಇಲ್ಲಿಯೇ ನಮ್ಮ ಜಿಲ್ಲೆಯ ಒಂದು ಕಷ್ಟ ಎದುರಾಗುತ್ತದೆ. ಬಾದಾಮಿ, ಹುನಗುಂದದ ಸೀಮೆಯಿಂದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ. ಅವರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ, ಅವರ ದೇಹ ದೂರದ ಕಟ್ಟಡದ ಕೆಲಸದಲ್ಲಿ. ಒಂದು ದಿನದ ಮತಕ್ಕಾಗಿ ಎರಡು ಮೂರು ದಿನದ ಕೂಲಿಯನ್ನೂ ಬಸ್ಸಿನ ದರವನ್ನೂ ಕಳೆದುಕೊಳ್ಳಬೇಕು. ಆಗ ವಾಹನ ಕಳುಹಿಸಿ ಕರೆಸಿಕೊಳ್ಳಬಲ್ಲವನ ಕೈ ಮೇಲಾಗುತ್ತದೆ. ಬಂದವನು ಗುಟ್ಟಾಗಿ ತನ್ನಿಷ್ಟದಂತೆ ಮತ ಹಾಕಬಹುದು, ನಿಜ. ಆದರೆ ಯಾರನ್ನು ಕರೆಸಬೇಕು, ಯಾರನ್ನು ಬಿಡಬೇಕು ಎಂಬ ಆಯ್ಕೆ ಹಣವಿದ್ದವನ ಕೈಯಲ್ಲಿ ಉಳಿಯಿತಷ್ಟೆ! 2022ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗವು, ಇದ್ದ ಊರಿನಿಂದಲೇ ತನ್ನ ಕ್ಷೇತ್ರಕ್ಕೆ ಮತ ಹಾಕಲು ಬರುವಂಥ, 72 ಕ್ಷೇತ್ರಗಳನ್ನು ನಿರ್ವಹಿಸಬಲ್ಲ ಯಂತ್ರದ ಮಾದರಿಯನ್ನು ಪ್ರಕಟಿಸಿತು. ಮುಂದಿನ ತಿಂಗಳು ಕರೆದ ಸಭೆಯಲ್ಲಿ ಅನೇಕ ಪಕ್ಷಗಳು ಸಂದೇಹಗಳನ್ನು ಎತ್ತಿದುವು. ಯಂತ್ರದ ಬಗೆಗಿನ ಸಂದೇಹಗಳನ್ನು ತೆರೆದ ಪರೀಕ್ಷೆಯಿಂದ ಪರಿಹರಿಸಬೇಕು, ಸುಮ್ಮನೆ ಮುಂದೂಡಬಾರದು ಎಂಬುದು ನಮ್ಮ ಅಭಿಪ್ರಾಯ. ಅದು ಸಾಧ್ಯವಾಗುವವರೆಗೆ ಗುಳೆ ಹೋದವರಿಗೆ ಮತದಾನದ ದಿನ ಸರಕಾರಿ ಬಸ್ಸಿನ ಪ್ರಯಾಣವನ್ನು ಉಚಿತವಾಗಿಯಾದರೂ ಒದಗಿಸಬಾರದೇಕೆ? ಪಕ್ಷದ ವಾಹನದಲ್ಲಿ ಬರುವುದಕ್ಕೂ ನಾಡಿನ ವಾಹನದಲ್ಲಿ ಬರುವುದಕ್ಕೂ ಅಂತರ ಬಹಳ.

ಹಾಗೆಂದು ಮತದಾರನು ಕೇವಲ ಎಳೆಯಲ್ಪಡುವ ವಸ್ತುವೆಂದು ತಿಳಿಯಬಾರದು. ಅವನು ಅಳೆಯುತ್ತಾನೆ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷವು ಮರಳಿ ಗೆದ್ದ ತರುವಾಯ 2023ರವರೆಗೆ ಕರ್ನಾಟಕದಲ್ಲಿ ಆಳುವ ಪಕ್ಷ ಯಾವುದೂ ಚುನಾವಣೆಯಲ್ಲಿ ಗೆದ್ದು ಅಧಿಕಾರಕ್ಕೆ ಮರಳಿಲ್ಲ. ಅಧಿಕಾರವು ಗೆಲ್ಲಿಸುತ್ತದೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕೆ? ಮರೋಳದ ಹೆಸರನ್ನು ಹೊರಗಿನವರು ಕೇಳಿರುವುದು ರಾಮಥಾಳ-ಮರೋಳ ಏತ ನೀರಾವರಿ ಯೋಜನೆಯಿಂದ. ಕೃಷ್ಣೆಯ ನಾರಾಯಣಪುರ ಜಲಾಶಯದ ಹಿನ್ನೀರನ್ನೆತ್ತಿ 24,000 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ ಒದಗಿಸುವ ಯೋಜನೆಯದು. ಇಂಥ ಯೋಜನೆಯ ಬಗ್ಗೆ ವೇದಿಕೆಯ ಮೇಲೆ ಯಾರು ಏನೇ ಹೇಳಲಿ, ತನ್ನ ಹೊಲದ ಕೊಳವೆಯಲ್ಲಿ ನೀರು ಬಂದಿತೆ ಇಲ್ಲವೆ ಎಂಬುದನ್ನು ರೈತನು ಯಾವ ಉಪಕರಣದ ನೆರವೂ ಇಲ್ಲದೆ ತಿಳಿಯಬಲ್ಲ. ಅಳತೆಗೆ ಸಿಕ್ಕುವ ಮಾತನ್ನು ಕೊಟ್ಟು ನಡೆಸಿಕೊಟ್ಟವನು ಗಳಿಸುವ ವಿಶ್ವಾಸವು, ಅಳತೆಗೆ ಸಿಕ್ಕದ ಮಾತುಗಳಿಂದ ಗಳಿಸಿದುದಕ್ಕಿಂತ ಗಟ್ಟಿಯಾದುದು.

‘ಇಷ್ಟು ದೊಡ್ಡ ಲೆಕ್ಕದಲ್ಲಿ ನನ್ನ ಒಂದು ಮತದಿಂದೇನು?’ ಎಂದು ವಿದ್ಯಾರ್ಥಿ ಮಿತ್ರರು ಕೇಳಬಹುದು. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದುವು. ಅಂತರ ಒಂದೇ ಒಂದು! 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶವನ್ನು 16 ಮತಗಳ ಅಂತರದಿಂದ ಘೋಷಿಸಲಾಯಿತು. ನಮ್ಮ ನೆರೆಯ ಬಾದಾಮಿಯಲ್ಲಿ 2018ರಲ್ಲಿ ಸಿದ್ದರಾಮಯ್ಯನವರು ಬಿ. ಶ್ರೀರಾಮುಲು ಅವರ ಮೇಲೆ ಗೆದ್ದುದು 1,696 ಮತಗಳಿಂದ. ಇಂಥ ಅಂತರ ಪ್ರತಿ ಸಲ ಬರುವುದಿಲ್ಲ, ನಿಜ. ಆದರೆ ಅದು ಯಾವ ಕ್ಷೇತ್ರದಲ್ಲಿ, ಯಾವ ಸಲ ಬರುವುದೆಂದು ಮುಂಚಿತವಾಗಿ ಹೇಳಬಲ್ಲವರಿಲ್ಲ. ತಕ್ಕಡಿಯು ಸಮತೂಕದಲ್ಲಿ ನಿಂತಾಗ ಒಂದು ಗುಲಗಂಜಿಯೂ ದಂಡವನ್ನು ವಾಲಿಸುತ್ತದೆ.

ಮತದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಸಂವಿಧಾನದ 61ನೆಯ ತಿದ್ದುಪಡಿಯು 1989ರಲ್ಲಿ ಜಾರಿಗೆ ಬಂದಿತು. 2022ರ ವ್ಯವಸ್ಥೆಯಂತೆ ವರ್ಷದಲ್ಲಿ ನಾಲ್ಕು ಸಲ, ಎಂದರೆ ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳಿಗೆ 18 ತುಂಬಿದವರ ಹೆಸರುಗಳನ್ನು ಪಟ್ಟಿಗೆ ಸೇರಿಸಲು ಅವಕಾಶವಿದೆ. 17 ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಪಟ್ಟಿಯಲ್ಲಿ ಹೆಸರೇ ಇಲ್ಲದವನು ಎಷ್ಟು ಬುದ್ಧಿವಂತನಾದರೂ ಲೆಕ್ಕದಲ್ಲಿ ಶೂನ್ಯ.

ಮತದಾನದ ದಿನ ಬೆರಳಿಗೆ ಹಚ್ಚುವ ಶಾಯಿಯು ನಮ್ಮ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 1962ರ ಸಾರ್ವತ್ರಿಕ ಚುನಾವಣೆಯಿಂದಲೂ ಅದು ಬಳಕೆಯಲ್ಲಿದೆ. ಅದರಲ್ಲಿರುವ ಬೆಳ್ಳಿಯ ನೈಟ್ರೇಟು ಚರ್ಮದ ಮೇಲಿನ ಉಪ್ಪಿನೊಡನೆ ಕೂಡಿ ಬೆಳ್ಳಿಯ ಕ್ಲೋರೈಡಾಗಿ, ಬೆಳಕಿಗೆ ಕಪ್ಪಾಗಿ, ತೊಳೆದರೂ ಹೋಗದೆ ನಿಲ್ಲುತ್ತದೆ. ರಸಾಯನಶಾಸ್ತ್ರಕ್ಕೆ ಸಾಹುಕಾರನ ಬೆರಳು, ಕೂಲಿಕಾರನ ಬೆರಳು ಎಂಬ ಭೇದವಿಲ್ಲ. ಪಕ್ಷಗಳು ತಮ್ಮ ಗೆಲುವಿನ ಲೆಕ್ಕವನ್ನು ಬಲ್ಲವರಿಂದ ಹಾಕಿಸಿಯೇ ಇರುತ್ತವೆ. ಆ ಲೆಕ್ಕವನ್ನು ಮತದಾರನೂ ಕಲಿತರೆ, ಗಾಳಿ, ಮಣ್ಣು, ಗದ್ದಲಗಳ ಮಾತಿಗೆ ಮರುಳಾಗದೆ, ಅಳೆಯಲು ಬರುವುದನ್ನು ಅಳೆದು ಮತ ಹಾಕಿಯಾನು. ಅಂಥ ಮತದಾರರು ಹೆಚ್ಚಿದಂತೆಲ್ಲ ಒಳ್ಳೆಯ ಕೆಲಸವೇ ಗೆಲುವಿನ ಸುಲಭ ಮಾರ್ಗವಾಗುತ್ತದೆ.